ನಿಂತಲ್ಲೇ ನೂರಿಪ್ಪತ್ತು

ಮದುವೆಗೆ ಮುಂಚೆ ನನ್ನ ಹೆಂಡತಿ ತನ್ನ ತಂದೆಯ ಬಗ್ಗೆ ಹೇಳಿದ್ದು ಒಂದೇ ಮಾತು: "ಅಪ್ಪ ಸಿನಿಮಾದಲ್ಲಿ ಕಾರು ಓಡಿಸ್ತಾರೆ."

ಆಗ ನಾವಿಬ್ಬರೂ ಒಂದೇ ಕನ್ನಡಕದ ಅಂಗಡಿಯಲ್ಲಿದ್ದೆವು. ಅವಳು ಮುಂದಿನ ಕೋಣೆಯಲ್ಲಿ ಬಂದವರ ಕಣ್ಣು ಪರೀಕ್ಷೆ ಮಾಡುತ್ತಿದ್ದಳು, ನಾನು ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದೆ. ಸಿನಿಮಾದಲ್ಲಿ ಕಾರಿನ ಬೆನ್ನಟ್ಟುವಿಕೆ ಶುರುವಾಯಿತೆಂದರೆ ನನಗೆ ಕಥೆ ಬೇಡ, ನಾಯಕಿ ಬೇಡ, ಇಂಟರ್ವಲ್ಲೂ ಬೇಡ. ತಿರುವಿನಲ್ಲಿ ಟೈರು ಕಿರುಚಿದರೆ ನನ್ನ ಬಲಗಾಲು ತಾನಾಗಿಯೇ ಮುಂದಿನ ಕುರ್ಚಿಯ ಬೆನ್ನಿಗೆ ಬ್ರೇಕು ಒತ್ತುತ್ತಿತ್ತು. ಮುಂದೆ ಕೂತವರು ತಿರುಗಿ ಬೈದದ್ದೂ ಉಂಟು. ಇಂಥವನಿಗೆ ಸಿನಿಮಾದಲ್ಲಿ ಕಾರು ಓಡಿಸುವ ಮಾವ ಸಿಗುತ್ತಾರೆಂದರೆ, ಹಸಿದವನಿಗೆ ಅಡುಗೆಮನೆಯ ಬೀಗದ ಕೈ ಸಿಕ್ಕ ಹಾಗೆ. ಹುಡುಗಿ ಒಪ್ಪಿದ್ದಕ್ಕಿಂತ ಅದೇ ನನಗೆ ಒಂದು ಕೈ ಮೇಲಾಗಿತ್ತು ಎಂದು ಅವಳು ಈಗಲೂ ಹಂಗಿಸುತ್ತಾಳೆ.

ಮೊದಲ ಸಲ ಅವರ ಮನೆಗೆ ಹೋದಾಗ ಬಾಗಿಲು ತೆಗೆದವರು ಗುಂಡಗಿನ, ಕುಳ್ಳ ದೇಹದ, ತುಂಬಿದ ಹಾಲಿನ ಪಾತ್ರೆ ಹೊತ್ತವರಷ್ಟು ಎಚ್ಚರದಿಂದ ಹೆಜ್ಜೆಯಿಡುವ ಮನುಷ್ಯ. ತೋಳು ಮಾತ್ರ ದೇಹಕ್ಕೆ ಹೊಂದದಂತೆ ಕುಸ್ತಿಯವನ ತೋಳು. ಅವರೇ ಮಾವ. ಅಂಗಳದಲ್ಲಿ ಅವರ ಸ್ಕೂಟರು ನಿಂತಿತ್ತು. ಆ ಸ್ಕೂಟರಿನ ಖ್ಯಾತಿ ಆಮೇಲೆ ಗೊತ್ತಾಯಿತು: ಬೀದಿ ತುದಿಯ ನಾಯಿ ಹೋಗಿಬರುವ ಗಾಡಿಗಳನ್ನೆಲ್ಲ ಅಟ್ಟಿಸಿಕೊಂಡು ಹೋಗುವಂಥದ್ದು, ಇವರ ಸ್ಕೂಟರು ಬಂದರೆ ಮಾತ್ರ ಪಕ್ಕದಲ್ಲಿ ನಡೆದುಕೊಂಡು ಬರುತ್ತಿತ್ತು.

ನಾನು ಕೂತವನೇ, ಎಷ್ಟು ವೇಗದವರೆಗೆ ಹೋಗಿದ್ದೀರಿ ಎಂದು ಕೇಳಿದೆ.

"ಡೈರೆಕ್ಟರ್ ಎಷ್ಟು ಹೇಳಿದ್ರೆ ಅಷ್ಟು," ಎಂದರು ಮಾವ. "ನೂರಿಪ್ಪತ್ತು ಮಾಮೂಲಿ. ಸೇತುವೆ ಹಾರೋದಿದ್ರೆ ನೂರಾರವತ್ತು."

"ಹೆದರಿಕೆ ಆಗಲ್ವಾ?"

"ಹೆದರಿಕೆ ಏನಿಲ್ಲಪ್ಪ. ಸೊಂಟ ಹಿಡ್ಕೊಳ್ಳುತ್ತೆ."

ಆ ಮಾತಿಗೆ ನಾನು ಮಾರುಹೋದೆ. ಸಾವಿನ ಜೊತೆ ಸರಸವಾಡಿ ಬಂದವರು ಹೀಗೆ ಹಗುರಾಗಿ ಮಾತಾಡುತ್ತಾರೆಂದು ಎಲ್ಲೋ ಓದಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಒರಗಿ ನಿಂತಿದ್ದ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡದ್ದು ನಗು ತಡೆಯಲಿಕ್ಕೆ ಎಂಬುದು ನನಗೆ ಹೊಳೆಯಲೇ ಇಲ್ಲ. ನನ್ನ ಮುಖದಲ್ಲಿ ಅಷ್ಟು ಭಕ್ತಿ ನೋಡಿ ಮಾವನಿಗೇ ಮುಜುಗರವಾಗಿರಬೇಕು. ಮರುವಾರ ಬಿಡುವು ಮಾಡಿಕೊಂಡು ಸ್ಟುಡಿಯೋಗೆ ಬಾ ಎಂದರು.

ಹೋದೆ. ಗೋದಾಮಿನಂಥ ದೊಡ್ಡ ಕೋಣೆ. ನಡುವೆ ಒಂದು ಕೆಂಪು ಕಾರು. ಅದಕ್ಕೆ ಚಕ್ರಗಳಿರಲಿಲ್ಲ, ಲಾರಿಯ ಹಳೆಯ ಸ್ಪ್ರಿಂಗುಗಳ ಮೇಲೆ ಹಲಗೆ, ಹಲಗೆಯ ಮೇಲೆ ಕಾರು. ಹಿಂದೆ ಗೋಡೆಯುದ್ದದ ಪರದೆ, ಅದರಲ್ಲಿ ಎಲ್ಲೋ ತೆಗೆದು ತಂದ ರಸ್ತೆ ಓಡುತ್ತಿತ್ತು. ಪಕ್ಕದಲ್ಲಿ ಗಾಳಿಗೆ ಫ್ಯಾನು. ದೀಪದ ಮುಂದೆ ಒಬ್ಬ ಎಲೆಗಳ ಕೊಂಬೆ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ, ಮರಗಳ ನೆರಳು ಕಾರಿನ ಮೇಲೆ ಹಾದುಹೋಗಲಿ ಎಂದು. ನಮ್ಮ ಮಾವ ಕಾರಿನ ಹಿಂದೆ, ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ, ಚಾಪೆಯ ಮೇಲೆ ಮೊಣಕಾಲೂರಿ ಕೂತಿದ್ದರು. ಕೈಯಲ್ಲಿ ಕಾರಿನಡಿಗೆ ತೂರಿಸಿದ ಉದ್ದನೆಯ ಮರದ ತೊಲೆ. "ಆಕ್ಷನ್" ಎಂದದ್ದೇ ತಡ, ಅದನ್ನು ಮೇಲೆ ಕೆಳಗೆ ಆಡಿಸತೊಡಗಿದರು.

ಅಷ್ಟೇ. ನಮ್ಮ ಮಾವನ ಕೆಲಸ ಕಾರು ಓಡಿಸುವುದಲ್ಲ, ಕುಲುಕಿಸುವುದು. ಸ್ಟುಡಿಯೋದಲ್ಲಿ ಅವರನ್ನು ಎಲ್ಲರೂ ಭೂಕಂಪಣ್ಣ ಅಂತಲೇ ಕರೆಯುತ್ತಿದ್ದರು.

ನನ್ನ ಮುಖ ಹರಳೆಣ್ಣೆ ಕುಡಿದವನ ಹಾಗಾಗಿತ್ತಂತೆ. ಕೊಂಬೆಯವನು ಕನಿಕರಪಟ್ಟು, ಅಲ್ಲಿ ನೋಡಿ ಎಂದು ಸಣ್ಣ ಟೀವಿಯೊಂದರ ಮುಂದೆ ನನ್ನನ್ನು ತಂದು ಕೂರಿಸಿದ. ಕ್ಯಾಮೆರಾ ಕಂಡದ್ದೆಲ್ಲ ಅದರಲ್ಲಿ ಕಾಣುತ್ತಿತ್ತು. ಅಲ್ಲಿ ಫ್ಯಾನಿಲ್ಲ, ಹಲಗೆಯಿಲ್ಲ, ಮಾವನಿಲ್ಲ. ಕೆಂಪು ಕಾರೊಂದು ಜೀವ ಕೈಯಲ್ಲಿ ಹಿಡಿದು ಹಾರುತ್ತಿತ್ತು. ತಿರುವು ಬಂತು, ಕಾರು ಒಂದು ಮಗ್ಗುಲಿಗೆ ವಾಲಿತು, ಏನನ್ನೋ ಹತ್ತಿ ಧೊಪ್ಪನೆ ಇಳಿಯಿತು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಎದುರಿಗೇ ಮಾವ ಬೆವರೊರೆಸಿಕೊಳ್ಳುತ್ತ ಕೂತಿರುವುದು ಕಾಣುತ್ತಿದ್ದರೂ ಹಿಡಿದುಕೊಂಡೆ.

ಮದುವೆಯಾಯಿತು. ಆಮೇಲೆ ಯಾವುದೇ ಚಿತ್ರ ಬಿಡುಗಡೆಯಾದರೂ ಮನೆಮಂದಿಯೆಲ್ಲ ಒಟ್ಟಿಗೆ ಹೋಗುವುದು ರೂಢಿಯಾಯಿತು. ಅತ್ತೆಯ ಪಕ್ಕದಲ್ಲಿ ಕೂತು ಕಾರಿನ ದೃಶ್ಯ ನೋಡುವುದೇ ಒಂದು ಸೊಗಸು. ಪರದೆಯ ಮೇಲೆ ಖಳನಾಯಕ ಗುಂಡು ಹಾರಿಸುತ್ತಿದ್ದರೆ ಅತ್ತೆ ನನ್ನ ಕಿವಿಯಲ್ಲಿ, "ಈಗ ಕಾರು ಎಗರ್ತಲ್ಲ, ಅದು ನಿಮ್ಮ ಮಾವ ಸೀನಿದ್ದು," ಎನ್ನುವರು. ಇನ್ನೊಂದು ಕಡೆ, "ಇಲ್ಲಿ ನೋಡಿ, ಸ್ವಲ್ಪ ಸಪ್ಪೆ. ಆವತ್ತು ಜ್ವರ ಇತ್ತು." ಕಾರು ಓಡಿದಂತೆಲ್ಲ ಮಾವನ ಭುಜ ತಾನಾಗಿ ಏರಿಳಿಯುತ್ತಿತ್ತು, ಇಡೀ ಸಾಲಿನ ಕುರ್ಚಿಗಳು ನಡುಗುತ್ತಿದ್ದವು, ಕೊನೆಯಲ್ಲಿ ಕೂತವರು ಸಿನಿಮಾ ಎಷ್ಟು ಪರಿಣಾಮಕಾರಿಯಾಗಿದೆ ಎಂದು ಬೆರಗಾಗುತ್ತಿದ್ದರು.

ಇಂಥ ಮಾವ ನಿಜವಾದ ವೇಗದ ಕಡೆ ತಲೆಹಾಕಿಯೂ ಮಲಗಿದವರಲ್ಲ. ಬಸ್ಸಿನಲ್ಲಿ ಡ್ರೈವರನ ಹಿಂದೆಯೇ ಕೂತು, ಇಳಿಜಾರು ಬಂದಾಗಲೆಲ್ಲ ಗಂಟಲು ಸರಿಮಾಡಿಕೊಂಡು ಅವನನ್ನು ಎಚ್ಚರಿಸುತ್ತಿದ್ದರು. ನಾನು ಬೈಕಿನಲ್ಲಿ ಬಿಡುತ್ತೇನೆಂದರೆ ಅವರಿಗೆ ಆ ಕ್ಷಣವೇ ನಡೆಯುವ ಆಸೆ ಹುಟ್ಟುತ್ತಿತ್ತು. ಬಹುಶಃ ಹೀಗೇ ನೆಮ್ಮದಿಯಾಗಿ ಕುಲುಕಿಸಿಕೊಂಡು ನಿವೃತ್ತರಾಗುತ್ತಿದ್ದರೇನೋ. ಅಷ್ಟರಲ್ಲಿ ಹೊಸ ಡೈರೆಕ್ಟರ್ ಬಂದರು.

ಆಕೆ ಚೂಪುಗಣ್ಣಿನ, ಸದಾ ಪೆನ್ಸಿಲ್ ಕಚ್ಚುತ್ತಿರುವ ಹೆಂಗಸು. ಎಲ್ಲವೂ ನಿಜವಾಗಿರಬೇಕು ಎಂಬುದು ಆಕೆಯ ಹಟ. ಸ್ಟುಡಿಯೋದ ಪರದೆ ಬೇಡ, ಸ್ಪ್ರಿಂಗು ಬೇಡ, ನಾಯಕನನ್ನು ನಿಜವಾದ ಕಾರಿನಲ್ಲಿ ಕೂರಿಸಿ ನಿಜವಾದ ರಸ್ತೆಯಲ್ಲಿ ನಿಜವಾಗಿ ನೂರಿಪ್ಪತ್ತರಲ್ಲಿ ಓಡಿಸಿ ಮುಖದ ಮೇಲಿನ ಭಾವ ಹಿಡಿಯೋಣ ಎಂದರು. ಆ ನಾಯಕನಿಗೆ ಅಭಿಮಾನಿಗಳು ಕೊಟ್ಟ ಬಿರುದು ಬಿರುಗಾಳಿ. ಪೋಸ್ಟರಿನಲ್ಲಿ ಆತ ಯಾವಾಗಲೂ ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು ಇನ್ನೊಂದು ಕೈಯನ್ನು ಕಿಟಕಿಯಾಚೆ ಚಾಚಿರುತ್ತಿದ್ದ. ಆದರೆ ಬಿರುಗಾಳಿಗೆ ಲಿಫ್ಟಿನಲ್ಲಿ ಹೋದರೂ ಹೊಟ್ಟೆ ತೊಳಸುತ್ತದೆ, ಎರಡನೆಯ ಗೇರಿನ ಮೇಲೆ ಆತ ಜನ್ಮದಲ್ಲಿ ಹೋಗಿಲ್ಲ, ಸ್ಪ್ರಿಂಗಿನ ಮೇಲಿನ ಕಾರು ಹತ್ತುವ ಮುಂಚೆಯೂ ಮಾತ್ರೆ ನುಂಗುತ್ತಾನೆ ಎಂಬ ಗುಟ್ಟು ಮಾವನಿಗೆ ಮಾತ್ರ ಗೊತ್ತಿತ್ತು. ಮಾವ ಅದನ್ನು ಅತ್ತೆಗೆ ಮಾತ್ರ ಹೇಳಿದ್ದರು. ಅತ್ತೆ ನಮ್ಮೆಲ್ಲರಿಗೂ ಮಾತ್ರ ಹೇಳಿದ್ದರು.

ಬಿರುಗಾಳಿ ಡೈರೆಕ್ಟರಿಗೆ ಆಗುವುದಿಲ್ಲ ಎನ್ನಲಾರದೆ, ಒಂದೇ ಒಂದು ಷರತ್ತು ಹಾಕಿದ: ಭೂಕಂಪಣ್ಣ ಕಾರಿನಲ್ಲಿ ಜೊತೆಗಿರಬೇಕು. ಯಾಕೆ ಎಂದರೆ, ಅಭ್ಯಾಸ ಎಂದ. ಮಾವ ಈ ಸುದ್ದಿ ತಂದಾಗ ಅವರ ಮುಖ ಸುಣ್ಣ ಬಳಿದ ಗೋಡೆ. ಬೇಡ ಎನ್ನಬಹುದಿತ್ತಲ್ಲ ಎಂದೆ. ಇಷ್ಟು ವರ್ಷ ಆ ಹುಡುಗನನ್ನು ಬೆಟ್ಟದಿಂದ ಹಾರಿಸಿದ್ದೇನೆ, ನದಿಗೆ ಇಳಿಸಿದ್ದೇನೆ, ಈಗ ಒಬ್ಬನನ್ನೇ ಹೇಗೆ ಕಳಿಸಲಿ ಎಂದರು.

ನಾನು ರಜೆ ಹಾಕಿ ಜೊತೆಗೆ ಹೋದೆ. ಅತ್ತೆ ಚೀಲದ ತುಂಬ ನಿಂಬೆಹಣ್ಣು ಕೊಟ್ಟಿದ್ದರು. ಚಿತ್ರೀಕರಣ ನಡೆದದ್ದು ವಿಮಾನಗಳು ಬರುವುದನ್ನು ನಿಲ್ಲಿಸಿದ್ದ ಒಂದು ಹಳೆಯ ಓಡುದಾರಿಯಲ್ಲಿ. ಕಾರಿನ ವ್ಯವಸ್ಥೆ ನೋಡಿ ದಂಗಾದೆ. ಛಾವಣಿಯ ಮೇಲೆ ಕಬ್ಬಿಣದ ಪಂಜರ, ಅದರಲ್ಲೊಂದು ಸೀಟು, ಸ್ಟೇರಿಂಗು, ಬ್ರೇಕು ಎಲ್ಲ. ಸಾಹಸದೃಶ್ಯಗಳ ಹೆಂಗಸೊಬ್ಬಳು ಅಲ್ಲಿ ಕೂತು ನಿಜವಾಗಿ ಕಾರು ಓಡಿಸುವಳು. ಕೆಳಗೆ ಬಿರುಗಾಳಿಯ ಕೈಯಲ್ಲಿದ್ದ ಸ್ಟೇರಿಂಗಿಗೂ ಚಕ್ರಗಳಿಗೂ ಯಾವ ನಂಟೂ ಇರಲಿಲ್ಲ. ಮಾವ ಹಿಂದಿನ ಸೀಟಿನ ಕೆಳಗೆ, ಕಂಬಳಿ ಹೊದ್ದು, ಕ್ಯಾಮೆರಾಗೆ ಕಾಣದಂತೆ ಮಲಗಬೇಕು. ಮಲಗಿದರು. ನಾವೆಲ್ಲ ದೂರದ ಟೆಂಟಿನಲ್ಲಿ ಟೀವಿಯ ಮುಂದೆ ನಿಂತೆವು. ಕಾರೊಳಗಿನ ಮಾತೂ ಕೇಳಿಸುತ್ತಿತ್ತು.

ಕಾರು ಹೊರಟಿತು. ಆಮೇಲೆ ಬಿರುಗಾಳಿಯ ಸಣ್ಣ ದನಿ.

"ಭೂಕಂಪಣ್ಣ, ಇದೀರಾ?"

"ಇದೀನಿ," ಎಂದಿತು ಕಂಬಳಿ.

"ಮೇಲಿರೋರಿಗೆ ಸ್ವಲ್ಪ ನಿಧಾನ ಅಂತ ಹೇಳೋದು ಹೇಗೆ?"

"ಮೇಲಿರೋರಿಗೆ ನಾವು ಹೇಳಿದ್ದು ಯಾವತ್ತು ಕೇಳಿಸಿದೆ ಸ್ವಾಮಿ?"

ವೇಗ ಏರಿತು. ಬಿರುಗಾಳಿ ಕಣ್ಣು ಮುಚ್ಚಿಕೊಂಡು ಸ್ಟೇರಿಂಗನ್ನು ತಬ್ಬಿ ಎಳೆದ. ಅದು ಕಿತ್ತು ಕೈಗೆ ಬಂತು. ಏನು ಮಾಡುವುದೆಂದು ತಿಳಿಯದೆ ಅದನ್ನು ಹಿಂದಕ್ಕೆ ಚಾಚಿದ. ಕಂಬಳಿಯಿಂದ ಒಂದು ಕೈ ಹೊರಬಂದು, ತರಕಾರಿ ಚೀಲ ಇಸಿದುಕೊಳ್ಳುವ ಹಾಗೆ ಇಸಿದುಕೊಂಡಿತು. ಟೆಂಟಿನಲ್ಲಿ ಯಾರೂ ನಗಲಿಲ್ಲ, ಡೈರೆಕ್ಟರ್ ಪಕ್ಕದಲ್ಲೇ ಇದ್ದರಲ್ಲ. ಅಷ್ಟರಲ್ಲಿ ಬಿರುಗಾಳಿಯ ಭುಜದ ಹಿಂದೆ ಬೆಟ್ಟದ ಮರೆಯಿಂದ ಚಂದ್ರ ಮೂಡುವಂತೆ ಮಾವನ ತಲೆ ಮೇಲೆದ್ದಿತು. ಕಣ್ಣು ಕಿಸಿದುಕೊಂಡು ಮುಂದಿನ ಗಾಜಿನಾಚೆ ನೋಡುತ್ತಿದ್ದರು. ಈಗ ಮುಳುಗುತ್ತದೆ, ಇನ್ನೇನು ಮುಳುಗುತ್ತದೆ ಎಂದು ನಾನು ಕಾದೆ. ತಲೆ ಮುಳುಗಲಿಲ್ಲ. ಓಡುದಾರಿ ಮುಗಿಯುವ ತನಕ ಅಲ್ಲೇ ಇತ್ತು.

ಕಾರು ನಿಂತಾಗ ಬಿರುಗಾಳಿ ಪೊದೆಯ ಕಡೆ ಓಡಿದ. ನಾನು ನಿಂಬೆಹಣ್ಣು ಹಿಡಿದು ಮಾವನ ಹತ್ತಿರ ಓಡಿದೆ. ಅವರು ಸ್ಟೇರಿಂಗನ್ನು ಎದೆಗವಚಿಕೊಂಡು ಕಾರಿನ ಚಕ್ರಗಳನ್ನೇ ದಿಟ್ಟಿಸುತ್ತ ನಿಂತಿದ್ದರು.

"ಹೇಗಿತ್ತು ಮಾವ?"

ಬಗ್ಗಿ ಒಂದು ಟೈರನ್ನು ಮುಟ್ಟಿ ನೋಡಿದರು.

"ಅದು ಅಲ್ಲಾಡೋದೇ ಇಲ್ವಲ್ಲಪ್ಪ," ಎಂದರು.

ಆ ಮಾತೇ ಟೆಂಟಿನಲ್ಲೂ ನಡೆದಿತ್ತು. ಒಳ್ಳೆಯ ಕಾರು, ನುಣ್ಣನೆಯ ದಾರಿ. ತೆಗೆದ ಚಿತ್ರವನ್ನು ತಿರುಗಿಸಿ ನೋಡಿದರೆ ಬಿರುಗಾಳಿ ಕ್ಷೌರದಂಗಡಿಯಲ್ಲಿ ಕಣ್ಣು ಮುಚ್ಚಿ ಕೂತ ಗಿರಾಕಿಯ ಹಾಗೆ ಕಾಣುತ್ತಿದ್ದ, ಹಿಂದೆ ಸರದಿಗೆ ಕಾದಿರುವ ಇನ್ನೊಬ್ಬ ಗಿರಾಕಿ. ಕಾರು ಓಡುತ್ತಿದೆ ಎಂದು ಪ್ರಮಾಣ ಮಾಡಿ ಹೇಳಿದರೂ ಯಾರೂ ನಂಬುವಂತಿರಲಿಲ್ಲ. ಡೈರೆಕ್ಟರ್ ಪೆನ್ಸಿಲನ್ನು ಎರಡು ತುಂಡಾಗುವಂತೆ ಕಚ್ಚಿ, ಸೋಮವಾರ ಸ್ಟುಡಿಯೋದಲ್ಲಿ ಸೇರೋಣ ಎಂದರು.

ಎಲ್ಲ ಮೊದಲಿನ ಹಾಗೇ ಆಯಿತು ಎಂದುಕೊಂಡೆವು. ಆದರೆ ಮಾವ ಮೊದಲಿನ ಹಾಗಿರಲಿಲ್ಲ. ಮನೆಯಲ್ಲಿ ಊಟದ ಮೇಜಿನಂಚಿಗೆ ಎರಡು ಬೆರಳಿಟ್ಟು ಮೆಲ್ಲಗೆ ನಡುಗಿಸುವರು, ಲೋಟದ ನೀರು ಹೇಗೆ ಆಡುತ್ತದೆಂದು ನೋಡುವರು, ಇದಲ್ಲ ಎಂದು ತಲೆಯಾಡಿಸುವರು. ಸಾರು ಚೆಲ್ಲಿದ್ದಕ್ಕೆ ಅತ್ತೆ ಬೈದರೆ, ಇಷ್ಟು ವರ್ಷ ಲೋಕಕ್ಕೆ ಸುಳ್ಳು ಹೇಳಿಬಿಟ್ಟೆ ಕಣೇ ಎಂದು ನೊಂದುಕೊಳ್ಳುವರು. ನಿಜವಾದ ವೇಗ ಕುಲುಕುವುದಿಲ್ಲವಂತೆ. ಒಳಗೆಲ್ಲೋ ಸಣ್ಣಗೆ ಗುಂಯ್‌ಗುಟ್ಟುತ್ತದಂತೆ, ಹೊಟ್ಟೆ ಒಂದು ಮಾರು ಹಿಂದೆ ಉಳಿದುಬಿಡುತ್ತದಂತೆ, ರಸ್ತೆ ನೀರಿನ ಹಾಗೆ ಬಂದು ಕಾಲಡಿ ಸೇರುತ್ತದಂತೆ. ಹೇಳುವಾಗ ಅವರ ದನಿ ತಗ್ಗುತ್ತಿತ್ತು.

ಸೋಮವಾರ ಕೆಂಪು ಕಾರು ಮತ್ತೆ ಸ್ಪ್ರಿಂಗಿನ ಮೇಲೇರಿತು. ಮಾವ ತೊಲೆಯನ್ನು ಹಿಡಿದು, ತಾವು ಕಂಡ ಹಾಗೆ, ವೀಣೆಯ ತಂತಿ ಮೀಟುವಷ್ಟು ನಾಜೂಕಾಗಿ ಆಡಿಸಿದರು. ಡೈರೆಕ್ಟರ್ ಕಟ್ ಎಂದರು. ಜೋರಾಗಿ ಬೇಕು ಎಂದರು. ಮಾವ ಕೂದಲೆಳೆಯಷ್ಟು ಹೆಚ್ಚಿಸಿದರು. ಮತ್ತೆ ಕಟ್. ಆರೋಗ್ಯ ಸರಿಯಿಲ್ಲವೇ ಎಂದು ಡೈರೆಕ್ಟರ್ ನಿಜವಾದ ಕಾಳಜಿಯಿಂದಲೇ ಕೇಳಿದರು. ಯಾರಿಗೂ ಎದುರಾಡಿ ಗೊತ್ತಿಲ್ಲದ ಮಾವ ಆವತ್ತು ಚಾಪೆಯಿಂದ ಎದ್ದು ನಿಂತರಂತೆ. ಕೊಂಬೆಯವನು ಇದನ್ನು ಹೇಳುವಾಗ ಈಗಲೂ ದನಿ ಇಳಿಸುತ್ತಾನೆ.

"ಮೇಡಂ, ಅದು ಇರೋದೇ ಹೀಗೆ. ನಾನು ಹೋಗಿ ಬಂದಿದೀನಿ."

"ನೀವು ಹೋಗಿ ಬಂದಿದೀರಿ. ನೋಡೋರು ಹೋಗಿ ಬಂದಿಲ್ವಲ್ಲ," ಎಂದರು ಡೈರೆಕ್ಟರ್.

ಮಾವ ತೊಲೆಯನ್ನು ಕೆಳಗಿಟ್ಟರು. ಸೊಂಟ ನೋವು ಎಂದು ಹೇಳಿ ಮನೆಗೆ ಬಂದುಬಿಟ್ಟರು. ಚಿತ್ರೀಕರಣ ಮರುದಿನಕ್ಕೆ ಹೋಯಿತು. ಮಾವ ಗೋಡೆಗೆ ಮುಖ ಮಾಡಿ ಮಲಗಿದರು. ಮಗಳು ಹೋಗಿ ಸಮಾಧಾನ ಹೇಳಿದಳು, ನಾನು ಹೇಳಿದೆ, ಕಲ್ಲಿನ ಮೇಲೆ ಮಳೆ ಸುರಿದಂತಾಯಿತು. ಕೊನೆಗೆ ಅತ್ತೆ ಒಗೆದ ಬಟ್ಟೆ ಮಡಚುತ್ತ ಮಂಚದ ತುದಿಯಲ್ಲಿ ಕೂತರು.

"ಸಿನಿಮಾದಲ್ಲಿ ಸಾಯೋರು ಎಷ್ಟು ಮಾತಾಡಿ ಸಾಯ್ತಾರೆ ನೋಡಿದೀರಾ? ಆಸ್ತಿ ವಿಷಯ, ತಂಗಿ ವಿಷಯ, ಎಲ್ಲ ಹೇಳಿ ಆಮೇಲೆ ಕತ್ತು ವಾಲಿಸ್ತಾರೆ. ನಮ್ಮಪ್ಪ ಹೋಗ್ವಾಗ ಕಿಟಕಿ ಹಾಕು ಅಂದ್ರು, ಅಷ್ಟೇ. ಹಾಗಂತ ಸಿನಿಮಾದೋರು ಕಿಟಕಿ ಹಾಕು ಅಂತ ಹೇಳಿಸಿ ಸಾಯಿಸಿದ್ರೆ ನಾನು ಅಳ್ತೀನಾ? ಸಾಯೋರಿಗೇ ಇಲ್ಲದ ನಾಚಿಕೆ ಕುಲುಕೋರಿಗೆ ಯಾಕೆ?"

ಮಾವ ಗೋಡೆಯ ಕಡೆಯಿಂದ ಹೊರಳಿದರು. ಊಟಕ್ಕೇನಿದೆ ಎಂದು ಕೇಳಿದರು.

ಮರುದಿನ ಅವರು ಕುಲುಕಿಸಿದ ಪರಿಯನ್ನು ಸ್ಟುಡಿಯೋದವರು ಇನ್ನೂ ಮರೆತಿಲ್ಲ. ಕಾರಿನ ಕನ್ನಡಿ ಕಳಚಿ ಬಿತ್ತು, ಫ್ಯಾನಿನವನು ಎರಡು ಹೆಜ್ಜೆ ಹಿಂದೆ ಸರಿದ, ಬಿರುಗಾಳಿ ಮಾತ್ರೆಯ ಸಮೇತ ಎಲ್ಲವನ್ನೂ ಕಕ್ಕುವ ಹಂತಕ್ಕೆ ಬಂದು ಮುಖದಲ್ಲಿ ಅಪ್ಪಟ ಸಾವಿನ ಭಯ ತೋರಿಸಿದ. ನನಗೆ ಬೇಕಾಗಿದ್ದ ನಿಜ ಇದೇ ಎಂದು ಡೈರೆಕ್ಟರ್ ಚಪ್ಪಾಳೆ ತಟ್ಟಿದರಂತೆ.

ಚಿತ್ರ ಬಂತು. ಚಿತ್ರಮಂದಿರದಲ್ಲಿ ಆ ದೃಶ್ಯಕ್ಕೆ ಜನ ಕುರ್ಚಿ ಬಿಟ್ಟೆದ್ದು ಕೂಗಿದರು. ನಮ್ಮ ಮುಂದಿದ್ದ ಅಜ್ಜಿಯೊಬ್ಬರು ಪಕ್ಕದ ಅಪರಿಚಿತರ ಕೈ ಹಿಡಿದುಕೊಂಡು, ಪರದೆಯ ಕಾರು ಸೇತುವೆ ದಾಟಿದ ಮೇಲೂ ಬಿಡಲಿಲ್ಲ. ಆವತ್ತು ಮಾವನ ಭುಜ ಆಡಲಿಲ್ಲ. ಅವರು ಪರದೆ ನೋಡುತ್ತಲೇ ಇರಲಿಲ್ಲ, ಹಿಂದೆ ತಿರುಗಿ ಕೂತು ಜನರನ್ನು ನೋಡುತ್ತಿದ್ದರು. ಹೊರಗೆ ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಅವರ್‍ಯಾರಿಗೂ ನಿಜವಾಗಿ ಹೇಗಿರುತ್ತೆ ಅಂತ ಗೊತ್ತಿಲ್ಲ ಅಲ್ಲವಾ ಎಂದು ಕೇಳಿದರು. ದನಿಯಲ್ಲಿ ಬೇಸರವಿರಲಿಲ್ಲ. ಊರಿಗೆಲ್ಲ ಗೊತ್ತಿಲ್ಲದ ಒಂದು ಸುದ್ದಿ ಜೇಬಿನಲ್ಲಿಟ್ಟುಕೊಂಡವರ ಹಾಗಿದ್ದರು. ಆಮೇಲೆ, ಕೆಮ್ಮಿ, ಇನ್ನೊಂದು ಸಲ ಹೋಗಬೇಕು ಅನ್ನಿಸ್ತಿದೆಯಪ್ಪ ಎಂದರು.

ನಾನು ಹಿಗ್ಗಿ, ಆ ತಿಂಗಳು ತಾನೇ ಕೊಂಡಿದ್ದ ಹಳೆಯ ಕಾರನ್ನು ಭಾನುವಾರ ಬೆಳಿಗ್ಗೆ ತೊಳೆದು ತಂದು ನಿಲ್ಲಿಸಿದೆ. ಡ್ರೈವರ್ ಸೀಟಿನ ಬಾಗಿಲು ತೆಗೆಯಲು ಹೋದರೆ ಅಲ್ಲಿ ಅತ್ತೆ ಕೂತಿದ್ದರು. ಚಪ್ಪಲಿ ಬಿಟ್ಟು, ಸೀಟು ಮುಂದಕ್ಕೆಳೆದುಕೊಂಡು, ಕನ್ನಡಿ ಸರಿಮಾಡಿಕೊಳ್ಳುತ್ತಿದ್ದರು. ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ನನ್ನ ಹೆಂಡತಿಯದೂ ಅಷ್ಟೇ.

ವಿಷಯ ಇಷ್ಟು. ಅತ್ತೆಯ ತವರಿನಲ್ಲಿ ಹಾಲಿನ ವ್ಯಾಪಾರವಿತ್ತು. ಮದುವೆಗೆ ಮುಂಚೆ ವ್ಯಾನು ಓಡಿಸುತ್ತಿದ್ದವರು ಅವರೇ. ಬಿಸಿಲೇರುವ ಮುನ್ನ ಹಾಲು ಮುಟ್ಟಿಸಬೇಕು, ಇಲ್ಲದಿದ್ದರೆ ಒಡೆದುಹೋಗುತ್ತದೆ. ಹಾಗಾಗಿ ಅವರಿಗೆ ನಿಧಾನ ಎಂಬುದನ್ನು ಯಾರೂ ಕಲಿಸಿರಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ತವರಿಗೆ ಹೊರಟಿದ್ದರಂತೆ. ಅರ್ಧ ದಾರಿಯಲ್ಲಿ ಗಂಡ ಇಳಿದು, ಒಂದು ಮಾತೂ ಆಡದೆ, ಬಸ್ಸು ಹತ್ತಿ ಮನೆಗೆ ಬಂದುಬಿಟ್ಟರಂತೆ. ಅಂದಿನಿಂದ ಅತ್ತೆ ಸ್ಟೇರಿಂಗು ಮುಟ್ಟಿರಲಿಲ್ಲ. ಲೈಸೆನ್ಸನ್ನು ಮಾತ್ರ ತಪ್ಪದೆ ಹೊಸದು ಮಾಡಿಸಿಕೊಂಡು, ಅಕ್ಕಿ ಡಬ್ಬಿಯ ಹಿಂದೆ ಇಟ್ಟುಕೊಂಡಿದ್ದರು.

"ಹತ್ತೋದಾದ್ರೆ ಹತ್ತಿ," ಎಂದರು ಗಂಡನಿಗೆ, ಮುಂದೆ ನೋಡುತ್ತಲೇ. "ಈ ಸಲ ನಡುವೆ ಇಳಿಸಲ್ಲ."

ಮಾವ ಬೀದಿಯ ಎರಡೂ ಕಡೆ ನೋಡಿದರು. ಆಮೇಲೆ ಹೋಗಿ ಪಕ್ಕದಲ್ಲಿ ಕೂತು ಬೆಲ್ಟು ಹಾಕಿಕೊಂಡರು. ನಾವಿಬ್ಬರೂ ಹಿಂದೆ.

ಬೀದಿಗಳನ್ನು ದಾಟುವ ತನಕ ಅತ್ತೆ, ಹೊಸ ಮದುಮಗಳು ಮನೆತುಂಬುವ ನಾಜೂಕಿನಲ್ಲೇ ಹೋದರು. ಹೆದ್ದಾರಿ ಸಿಕ್ಕಿದ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕಾರು ಒಮ್ಮೆ ಮುಕ್ಕರಿಸಿ ಹಾರಿತು. ಆ ಮುದಿ ಕಾರಿನಲ್ಲಿ ಅಷ್ಟು ಪ್ರಾಣವಿತ್ತೆಂದು ಅದಕ್ಕೇ ಗೊತ್ತಿರಲಿಕ್ಕಿಲ್ಲ. ಕಿಟಕಿಯಾಚೆಯ ಮರಗಳು ಒಂದಕ್ಕೊಂದು ಅಂಟಿಕೊಂಡು ಹಸಿರು ಗೋಡೆಯಾದವು. ಮಾವ ಎರಡು ಕೈಯಲ್ಲೂ ಮಂಡಿ ಹಿಡಿದು ಕೂತಿದ್ದರು. ಕಿವಿ ಕೆಂಪಾಗಿತ್ತು, ಕಣ್ಣು ಮಾತ್ರ ರಸ್ತೆಯ ಮೇಲೇ. ಮುಂದೆ ಕೋಳಿ ತುಂಬಿದ ಲಾರಿಯೊಂದು ಗರಿ ಹಾರಿಸುತ್ತ ಹೋಗುತ್ತಿತ್ತು. ಅತ್ತೆ ಗಂಡನ ಕಡೆ ಓರೆಯಾಗಿ ನೋಡಿ ಸ್ವಲ್ಪ ವೇಗ ತಗ್ಗಿಸಿದರು.

"ಯಾಕೆ?" ಎಂದರು ಮಾವ.

"ನಿಮಗೆ ಸಾಕಾಯ್ತೇನೋ ಅಂತ."

"ದಾಟು," ಎಂದರು.

ದಾಟಿದರು. ಅದರ ಮುಂದಿನ ಲಾರಿಯನ್ನೂ ದಾಟಿದರು. ಆಮೇಲೆ ಯಾವುದನ್ನು ದಾಟಿದರು, ಎಷ್ಟನ್ನು ದಾಟಿದರು ಎಂಬುದನ್ನು ನನ್ನ ಹೆಂಡತಿಯನ್ನೇ ಕೇಳಬೇಕು. ನಾನು ಕಣ್ಣು ಮುಚ್ಚಿಕೊಂಡಿದ್ದೆ.